ಗೇಟಿನಲ್ಲಿ ಕಳಚುವ ಜಾಕೆಟ್

ಅಹಮದಾಬಾದ್ ಎಂದರೆ ಬಿಸಿಲು ಎಂದುಕೊಂಡವರೇ ಹೆಚ್ಚು. ಮೇ ತಿಂಗಳ 43, 44 ಡಿಗ್ರಿಯ ಸುದ್ದಿ ದೇಶಕ್ಕೆಲ್ಲ ಗೊತ್ತು. ಜನವರಿಯ ಸುದ್ದಿ ಅಷ್ಟು ದೂರ ಹೋಗುವುದಿಲ್ಲ. ಆ ತಿಂಗಳು ಅಲ್ಲಿನ ಕನಿಷ್ಠ ತಾಪಮಾನದ ಸರಾಸರಿ ಸುಮಾರು 12 ಡಿಗ್ರಿ, ಗರಿಷ್ಠದ್ದು 28. ಉತ್ತರದ ಶೀತಗಾಳಿ ಇಳಿದುಬಂದ ವಾರದಲ್ಲಿ ಬೆಳಗಿನ ಜಾವ 8ಕ್ಕೋ 9ಕ್ಕೋ ಬರುವುದೂ ಉಂಟು. ಚಳಿ ಎಂದರೆ ಇದೇನು ಮಹಾ ಎಂದು ಶಿಮ್ಲಾದವರು ನಗಬಹುದು. ಆದರೆ ಶಿಮ್ಲಾದಲ್ಲಿ ಬೆಳಿಗ್ಗೆ ಹಾಕಿದ ಕೋಟನ್ನು ರಾತ್ರಿಯವರೆಗೂ ಹಾಕಿಕೊಂಡಿರಬಹುದು. ಇಲ್ಲಿ ಆರು ಗಂಟೆಗೆ ಪ್ರಾಣ ಉಳಿಸಿದ ಕೋಟು ಹನ್ನೊಂದಕ್ಕೆ ಹೊರೆಯಾಗುತ್ತದೆ.

ಇದನ್ನು ನೋಡಬೇಕಾದರೆ ಜನವರಿ 14ರ ಉತ್ತರಾಯಣದ ದಿನ ಯಾವುದಾದರೂ ಮನೆಯ ತಾರಸಿ ಹತ್ತಬೇಕು. ಗಾಳಿಪಟ ಹಾರಿಸಲು ಬೆಳಿಗ್ಗೆಯೇ ಬಂದವರು ಕಿವಿಯವರೆಗೂ ಮುಚ್ಚಿಕೊಂಡಿರುತ್ತಾರೆ. ಹತ್ತು ಗಂಟೆಗೆ ಜಾಕೆಟ್‌ಗಳ ತೋಳು ಸೊಂಟಕ್ಕೆ ಬಿಗಿದಿರುತ್ತವೆ. ಮಧ್ಯಾಹ್ನ ಊಂಧಿಯು ತಿನ್ನುವ ಹೊತ್ತಿಗೆ ಎಲ್ಲವೂ ನೀರಿನ ಟ್ಯಾಂಕಿನ ಪಕ್ಕ ರಾಶಿ ಬಿದ್ದಿರುತ್ತವೆ. ಒಂದು ದಿನದೊಳಗೆ 16 ಡಿಗ್ರಿ ಏರಿಳಿಯುವ ಊರಿನಲ್ಲಿ ಎಷ್ಟು ದಪ್ಪದ್ದು ಹಾಕಬೇಕು ಎನ್ನುವುದಕ್ಕಿಂತ ಎಷ್ಟು ಪದರ ಹಾಕಬೇಕು, ಯಾವುದನ್ನು ಯಾವಾಗ ತೆಗೆಯಬೇಕು ಎನ್ನುವುದೇ ಮುಖ್ಯ.

ನಗರದ ಆಗ್ನೇಯಕ್ಕೆ ವಟ್ವಾ ಇದೆ. ಅಲ್ಲಿನ ಜಿಐಡಿಸಿ ಎಸ್ಟೇಟಿನಲ್ಲಿ ಬಟ್ಟೆಯ ಬಣ್ಣ, ಆ ಬಣ್ಣ ತಯಾರಿಸಲು ಬೇಕಾದ ಮಧ್ಯಂತರ ರಾಸಾಯನಿಕ, ಔಷಧದ ಕಚ್ಚಾವಸ್ತು ಮಾಡುವ ಘಟಕಗಳು ಸಾಲಾಗಿವೆ. ಇವು ನಿಲ್ಲದೆ ನಡೆಯುವ ಕೆಲಸಗಳಾದ್ದರಿಂದ ಪಾಳಿ ತಪ್ಪದು. ರಾಣೆಬೆನ್ನೂರು ಕಡೆಯಿಂದ ಬಂದ ಒಬ್ಬ ಶಿಫ್ಟ್ ಕೆಮಿಸ್ಟ್ ಅಂಥದೊಂದು ಘಟಕದಲ್ಲಿ ಕೆಲಸಕ್ಕೆ ಸೇರಿ ಇಸನ್‌ಪುರದಲ್ಲಿ ಮನೆ ಮಾಡಿದ. ವಯಸ್ಸು ಮೂವತ್ತರ ಮೇಲೆ. ಹೆಂಡತಿ, ಒಂದು ಮಗು, ಒಂದು ಬೈಕು. ಬೆಳಗಿನ ಪಾಳಿ ಏಳಕ್ಕೆ ಶುರುವಾದರೆ ಆರೂಕಾಲಿಗೆ ಮನೆ ಬಿಡಬೇಕು. ರಾತ್ರಿ ಪಾಳಿಯಾದರೆ ಮುಗಿಯುವುದೇ ಬೆಳಿಗ್ಗೆ ಏಳಕ್ಕೆ. ಎರಡರಲ್ಲೂ ಬೈಕಿನ ದಾರಿ ದಿನದ ಅತಿ ತಣ್ಣನೆಯ ಹೊತ್ತಿನದೇ.

ಡಿಸೆಂಬರಿನ ಮೊದಲ ವಾರ ಊರಿನಿಂದ ತಾಯಿಯ ಫೋನು ಬಂತು. "ಥಂಡಿ ಭಾಳ ಐತೇನೋ ಅಲ್ಲಿ? ಕಂಬಳಿ ಒಯ್ಯಬೇಕಿತ್ತು ನೋಡ." ಉತ್ತರ ಕರ್ನಾಟಕದ ಮನೆಗಳಲ್ಲಿ ಚಳಿಗಿಂತ ಥಂಡಿಯೇ ಬಳಕೆಯ ಮಾತು. ಗುಜರಾತಿಯಲ್ಲೂ ಅದು ಠಂಡಿ. ಹೊಸ ಭಾಷೆಯಲ್ಲಿ ತಡವರಿಸುತ್ತಿದ್ದ ಮನೆಯವರಿಗೆ ಅಲ್ಲಿ ಮೊದಲು ಸಲೀಸಾದ ಪದಗಳಲ್ಲಿ ಇದೂ ಒಂದು. ಕಂಬಳಿ ಹೊದ್ದು ಬೈಕ್ ಓಡಿಸಲು ಬಾರದು. ಫ್ಲೀಸ್ ಜಾಕೆಟ್ ಒಂದನ್ನು ಕೊಳ್ಳುವುದೆಂದು ಗಂಡಹೆಂಡಿರಲ್ಲಿ ತೀರ್ಮಾನವಾಯಿತು.

*

ಫ್ಲೀಸ್ ಎಂಬ ಇಂಗ್ಲಿಷ್ ಮಾತಿಗೆ ಮೂಲ ಅರ್ಥ ಕುರಿಯ ಮೈಯಿಂದ ಕತ್ತರಿಸಿ ತೆಗೆದ ಉಣ್ಣೆಯ ಹೊದಿಕೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಹಳೆಯ ಮಾತು ತುಪ್ಪಟ. ಆದರೆ ಇಂದು ಅಂಗಡಿಯಲ್ಲಿ ಫ್ಲೀಸ್ ಎಂದು ಕೊಡುವ ಬಟ್ಟೆಗೆ ಕುರಿಯೊಂದಿಗೆ ಹೆಸರಿನ ನಂಟು ಬಿಟ್ಟರೆ ಬೇರೆ ಸಂಬಂಧವಿಲ್ಲ. ಅದು ಪಾಲಿಯೆಸ್ಟರ್. ಪೆಟ್ರೋಲಿಯಂನಿಂದ ಹುಟ್ಟಿದ್ದು, ನೀರಿನ ಬಾಟಲಿಯ ಪ್ಲಾಸ್ಟಿಕ್ ಯಾವುದೋ ಅದೇ. ಬಳಸಿ ಎಸೆದ ಬಾಟಲಿಗಳಿಂದ ಫ್ಲೀಸ್ ಮಾಡುವುದನ್ನು ಅಮೆರಿಕದ ಪ್ಯಾಟಗೋನಿಯಾ ಕಂಪನಿ 1993ರಲ್ಲೇ ಶುರುಮಾಡಿತು.

ಈ ಬಟ್ಟೆ ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಗಿರಣಿ ಊರಿನಲ್ಲಿ. ಅಲ್ಲಿನ ಮಾಲ್ಡನ್ ಮಿಲ್ಸ್ 1979ರ ಸುಮಾರಿಗೆ ಇದನ್ನು ಮಾರುಕಟ್ಟೆಗೆ ತಂದಿತು. ವಿಧಾನ ಕೇಳಲು ಸರಳ. ಪಾಲಿಯೆಸ್ಟರ್ ನೂಲನ್ನು ಮೊದಲು ಹೆಣೆಯಬೇಕು. ಆಮೇಲೆ ಸಣ್ಣ ತಂತಿಮೊನೆಗಳಿರುವ ಉರುಳೆಗಳ ಮೇಲೆ ಹಾಯಿಸಿ ನೂಲಿನ ಕುಣಿಕೆಗಳನ್ನು ಕೆದರಬೇಕು. ಮೇಲೆದ್ದ ರೋಮವನ್ನು ಸಮನಾಗಿ ಕತ್ತರಿಸಬೇಕು. ಹೀಗೆ ಕೆದರಿದ ರೋಮದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗಾಡದೆ ನಿಂತ ಗಾಳಿಯಲ್ಲಿ ಶಾಖ ಬೇಗ ದಾಟಿಹೋಗಲಾರದು. ಜಾಕೆಟ್ ಶಾಖವನ್ನು ಹುಟ್ಟಿಸುವುದಿಲ್ಲ. ಮೈ ಹುಟ್ಟಿಸಿದ ಶಾಖ ಓಡಿಹೋಗದಂತೆ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ.

ಪಾಲಿಯೆಸ್ಟರಿನ ಇನ್ನೊಂದು ಗುಣ, ಅದು ನೀರು ಕುಡಿಯುವುದಿಲ್ಲ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವ ಹೀರಿಕೊಂಡಿರುತ್ತದೆ, ಹತ್ತಿ ಸುಮಾರು 8 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರದು. ಹಾಗಾಗಿ ಫ್ಲೀಸ್ ಒಗೆದರೆ ಬೇಗ ಒಣಗುತ್ತದೆ, ಬೆವರಿದರೂ ಭಾರವಾಗುವುದಿಲ್ಲ. ಬೆಟ್ಟ ಹತ್ತುವವರಿಗೆ ಅದು ಪ್ರಿಯವಾದದ್ದು ಇದರಿಂದಲೇ. ನೀರು ಕುಡಿಯದ ಈ ಗುಣಕ್ಕೆ ಇನ್ನೊಂದು ಮುಖವೂ ಇದೆ. ಅದು ವಟ್ವಾದ ಕಾರ್ಖಾನೆಯೊಳಗೆ ಕಾಣಿಸಿಕೊಳ್ಳುತ್ತದೆ.

ತಾಯಿ ನೆನೆಸಿಕೊಂಡ ಕಂಬಳಿಯದು ಬೇರೆಯೇ ಉಪಾಯ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಇಂಥ ಕಡೆಗಳಲ್ಲಿ ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಕುರುಬರು ನೇಯ್ದ ಕರಿಕಂಬಳಿಗೆ ಹುಣಸೆಬೀಜದ ಸರಿ ಬಳಿಯುತ್ತಾರೆ. ನೂಲು ಬಿಗಿಯುತ್ತದೆ, ಬಟ್ಟೆ ಸೆಟೆದು ನಿಲ್ಲುತ್ತದೆ. ಒಳಗಡೆ ಉಣ್ಣೆ ಗಾಳಿಯನ್ನು ಹಿಡಿದಿಟ್ಟರೆ ಹೊರಗಡೆ ಸರಿಯ ಬಿಗಿ ಬೀಸುಗಾಳಿಯನ್ನೂ ತುಂತುರು ಮಳೆಯನ್ನೂ ತಡೆಯುತ್ತದೆ. ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಕುರಿ ಕಾಯುವವನಿಗೆ ಸ್ವೆಟರ್, ರೇನ್‌ಕೋಟ್, ಹಾಸಿಗೆ ಎಲ್ಲ ಅದೇ. ಒಂದೇ ಬಟ್ಟೆಯಲ್ಲಿ ಎರಡು ಪದರದ ಕೆಲಸ. ಫ್ಲೀಸ್ ಹಾಗಲ್ಲ. ಅದಕ್ಕೆ ಒಳಗಡೆಗೊಂದು, ಹೊರಗಡೆಗೊಂದು ಜೊತೆ ಬೇಕು. ನಡುವಿನ ಪದರವಾಗಲೆಂದೇ ಹುಟ್ಟಿದ ಬಟ್ಟೆ ಅದು.

*

ಪ್ರತಿ ಚಳಿಗಾಲ ಅಹಮದಾಬಾದಿನಲ್ಲಿ ಟಿಬೆಟನ್ನರ ಸ್ವೆಟರ್ ಮಾರುಕಟ್ಟೆ ಕೂಡುತ್ತದೆ. ಸಾಲು ಸಾಲು ಮಳಿಗೆ, ತಂತಿಗೆ ತೂಗುಹಾಕಿದ ಜಾಕೆಟ್, ಕೆಳಗೆ ಟೋಪಿ ಮತ್ತು ಕೈಗವಸು. ದೇಶದ ನಾನಾ ಊರುಗಳಲ್ಲಿ ಹೀಗೆ ಮಳಿಗೆ ಹಾಕುವವರಲ್ಲಿ ಕರ್ನಾಟಕದ ಟಿಬೆಟನ್ ನೆಲೆಗಳಿಂದ ಹೋದವರೂ ಇರುತ್ತಾರೆ. ಬೈಲಕುಪ್ಪೆಯ ನೆಲೆ ಶುರುವಾದದ್ದು 1960ರ ಆರಂಭದ ವರ್ಷಗಳಲ್ಲಿ, ಮುಂಡಗೋಡಿನದು 1966ರಲ್ಲಿ. ಹೊಲದಲ್ಲಿ ಮುಸುಕಿನ ಜೋಳದ ಕೆಲಸ ಮುಗಿದ ಮೇಲೆ ಕುಟುಂಬಗಳು ಲೂಧಿಯಾನದ ಸಗಟು ವ್ಯಾಪಾರಿಗಳಿಂದ, ಬಹಳ ಸಲ ಸಾಲದ ಮೇಲೆ, ಮಾಲು ಎತ್ತಿಕೊಂಡು ಊರೂರಿಗೆ ಹೊರಡುತ್ತವೆ. ಜನವರಿ ಮುಗಿಯುವ ಹೊತ್ತಿಗೆ ಮಾರಿ ಮುಗಿಸಿ ಸಾಲ ತೀರಿಸಬೇಕು. ಚಳಿ ಬಾರದ ವರ್ಷ ಅವರಿಗೆ ಬರಗಾಲದ ವರ್ಷ.

ಕೆಮಿಸ್ಟ್ ಒಂದು ಭಾನುವಾರ ಹೆಂಡತಿಯೊಂದಿಗೆ ಅಲ್ಲಿಗೆ ಹೋದ. ಮಳಿಗೆಯೊಂದರಲ್ಲಿ ಇಬ್ಬರೂ ಕನ್ನಡದಲ್ಲಿ ಬೆಲೆಯ ಗುಸುಗುಸು ನಡೆಸಿದ್ದಾಗ ಒಳಗೆ ಕುಳಿತಿದ್ದ ಹಿರಿಯ ಹೆಂಗಸು ಕೇಳಿದಳು, "ಯಾವೂರು ತಮ್ಮಾ?"

"ರಾಣೆಬೆನ್ನೂರ ಕಡೇದು, ಅಕ್ಕಾರ. ನಿಮ್ದು?"

"ನಮ್ದು ಮುಂಡಗೋಡ."

ಹಾವೇರಿ ಜಿಲ್ಲೆಯ ಗಡಿ ದಾಟಿದರೆ ಮುಂಡಗೋಡು. ಚಹಾ ಬಂತು. ಬೆಲೆಯ ಮಾತು ಆಮೇಲೆ. ಆಕೆ ಜಾಕೆಟ್ ತೋರಿಸುವ ಮೊದಲು ಕೇಳಿದ್ದು ಒಂದೇ, "ಬೈಕ್ ಮ್ಯಾಲೆ ಹೋಗಾವೇನು?" ಹೌದೆಂದಾಗ ಫ್ಲೀಸಿನ ಬೆನ್ನಿನ ಭಾಗವನ್ನು ಒಂದೇ ಪದರವಾಗಿ ಹಿಡಿದು ಅವನ ಬಾಯಿಯ ಮುಂದೆ ಚಾಚಿದಳು. "ಊದಿ ನೋಡು." ಊದಿದ ಉಸಿರು ಆ ಕಡೆ ಹಿಡಿದಿದ್ದ ಅವನ ಅಂಗೈಗೆ ನೇರವಾಗಿ ತಾಗಿತು. "ಹಂಗಾರ ಇದೊಂದ ಸಾಲಂಗಿಲ್ಲ. ಮ್ಯಾಲೆ ಗಾಳಿ ತಡಿಯೂದು ಒಂದ ಬೇಕು."

ಮಾರುವವಳೇ ತನ್ನ ಸರಕು ಸಾಲದೆಂದು ಹೇಳಿದ್ದು ಗಂಡಹೆಂಡಿರಿಬ್ಬರಿಗೂ ಹಿಡಿಸಿತು. ಆ ಮಾತಿನ ಹಿಂದೆ ಲೆಕ್ಕವೂ ಇದೆ. ಹವಾಮಾನ ತಜ್ಞರು ಗಾಳಿಯಿಂದ ಹೆಚ್ಚುವ ಚಳಿಯನ್ನು ಅಳೆಯಲು ಬಳಸುವ ಸೂತ್ರದ ಪ್ರಕಾರ, 10 ಡಿಗ್ರಿಯ ಬೆಳಿಗ್ಗೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯಂತೆ ಅನಿಸುತ್ತದೆ. ಗಾಳಿ ತಾನಾಗಿ ಬೀಸಬೇಕಿಲ್ಲ, ಬೈಕ್ ಓಡಿದರೆ ಸಾಕು. ಫ್ಲೀಸಿನೊಳಗೆ ಸಿಕ್ಕಿಕೊಂಡಿದ್ದ ಬೆಚ್ಚನೆಯ ಗಾಳಿಯನ್ನು ಆ ವೇಗ ಕ್ಷಣದಲ್ಲಿ ಗುಡಿಸಿಹಾಕುತ್ತದೆ. ಅದರ ಮೇಲೊಂದು ತೆಳುವಾದ ವಿಂಡ್‌ಚೀಟರ್ ಇದ್ದರೆ, ಮಳೆಗಾಲದ ರೇನ್‌ಕೋಟಿನ ಅಂಗಿಯೇ ಇದ್ದರೂ ಸರಿ, ಅದೇ ಫ್ಲೀಸಿನ ಗುಣ ಬೇರೆಯಾಗುತ್ತದೆ. ಹೆಚ್ಚು ದಪ್ಪದ ಫ್ಲೀಸಿಗೆ ಹಣ ಕೊಡುವುದಕ್ಕಿಂತ ನಡುದಪ್ಪದ ಫ್ಲೀಸು, ಮೇಲೊಂದು ಗಾಳಿತಡೆ ಕೊಳ್ಳುವುದು ಲೇಸು.

ದಪ್ಪದ ಅಳತೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು. 100ರ ಆಸುಪಾಸಿನದು ತೆಳು, ಅಂಗಿಯಂತೆ ಹಾಕಬಹುದು. 200ರದು ನಡುದಪ್ಪ. 300ರದು ಹೆಚ್ಚು ಓಡಾಟವಿಲ್ಲದೆ ಚಳಿಯಲ್ಲಿ ಕೂರುವವರಿಗೆ. ಮಧ್ಯಾಹ್ನ 28 ಡಿಗ್ರಿಗೆ ಏರುವ ಊರಿನಲ್ಲಿ 300ರದನ್ನು ಕೊಂಡರೆ ಅದು ವರ್ಷಕ್ಕೆ ಹತ್ತು ದಿನ ಮೈಮೇಲೆ, ಉಳಿದ ದಿನ ಬೀರುವಿನ ಮೇಲೆ. ದೊಡ್ಡ ಅಂಗಡಿಗಳ ಚೀಟಿಯಲ್ಲಿ ಕೆಲವೊಮ್ಮೆ ಈ ಅಂಕಿ ಇರುತ್ತದೆ, ಸಂತೆಯ ಮಳಿಗೆಯಲ್ಲಿ ಇರುವುದಿಲ್ಲ. ಅಲ್ಲಿ ಬೆರಳೇ ತಕ್ಕಡಿ. ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಬೆಳಕು ಚುಕ್ಕೆಚುಕ್ಕೆಯಾಗಿ ಕಂಡರೆ ಹೆಣಿಗೆ ಸಡಿಲ. ಬೆರಳಲ್ಲಿ ಹಿಂಡಿ ಬಿಟ್ಟಾಗ ರೋಮ ಮತ್ತೆ ಎದ್ದು ನಿಂತರೆ ಗಾಳಿ ಹಿಡಿಯುವ ಶಕ್ತಿ ಇದೆ. ಹಿಂಡಿದಂತೆಯೇ ಚಪ್ಪಟೆ ಉಳಿದರೆ ನಾಲ್ಕು ಒಗೆತಕ್ಕೆ ಅದು ಟವೆಲ್ಲು.

ಬಟ್ಟೆಯನ್ನು ಬಟ್ಟೆಗೇ ಇಪ್ಪತ್ತು ಮೂವತ್ತು ಸಲ ಉಜ್ಜಿ ನೋಡಬೇಕು. ಸಣ್ಣ ಸಣ್ಣ ಉಂಡೆಗಳು ಎದ್ದರೆ ಬ್ಯಾಗಿನ ಪಟ್ಟಿ ತಾಗುವ ಹೆಗಲಲ್ಲಿ, ಕೈ ಉಜ್ಜುವ ಪಕ್ಕೆಯಲ್ಲಿ ತಿಂಗಳೊಳಗೆ ಅದೇ ಕಾಣಿಸುತ್ತದೆ. ಉಂಡೆ ಏಳದಂತೆ ಸಂಸ್ಕರಿಸಿದ ಬಟ್ಟೆಯೂ ಸಿಗುತ್ತದೆ. ಅಂಥದರಲ್ಲಿ ಸಾಮಾನ್ಯವಾಗಿ ಹೊರಮೈ ನುಣುಪು, ಒಳಮೈ ಮೆತ್ತಗೆ. ಕುರಿಮರಿಯ ಮೈಯಂತೆ ಗುಂಗುರಾದ ಶೆರ್ಪಾ ಫ್ಲೀಸ್ ನೋಡಲು ಚೆಂದ, ಹೊರಪದರವಾಗಿಯೂ ಚೆಂದ. ಆದರೆ ಅದರ ಮೇಲೆ ವಿಂಡ್‌ಚೀಟರ್ ಎಳೆದುಕೊಳ್ಳುವುದು ಹರಸಾಹಸ. ನಡುವಿನ ಪದರಕ್ಕೆ ಹೊರಮೈ ನುಣುಪಾಗಿದ್ದಷ್ಟೂ ಒಳ್ಳೆಯದು.

ಅಳತೆ ನೋಡುವಾಗ ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಏನೂ ತಿಳಿಯದು. ಕೆಮಿಸ್ಟನ ಹೆಂಡತಿ ಅವನನ್ನು ಮಳಿಗೆಯ ಸ್ಟೂಲಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದವರಂತೆ ಎರಡೂ ಕೈ ಮುಂದೆ ಚಾಚಿಸಿದಳು. ಮೊದಲಿನದರಲ್ಲಿ ಬೆನ್ನಿನ ಅಂಚು ಬೆಲ್ಟಿಗಿಂತ ಮೇಲೇರಿತು, ಮುಂಗೈ ಹೊರಬಂತು. "ಸೊಂಟಕ್ಕ ಗಾಳಿ ಹೊಡಿತೈತಿ ನೋಡ್ರಿ," ಎಂದಳು. ಒಂದು ಅಳತೆ ದೊಡ್ಡದನ್ನು ಹಾಕಿದಾಗ ಬೆನ್ನು ಮುಚ್ಚಿತು, ಕಂಕುಳಲ್ಲಿ ಅಂಗಿಯ ಮೇಲೂ ಬಿಗಿಯಾಗಲಿಲ್ಲ. ಫ್ಲೀಸ್ ತೀರ ಬಿಗಿಯಾದರೆ ಅಥವಾ ಅದರ ಮೇಲಿನ ಜಾಕೆಟ್ ಬಿಗಿಯಾಗಿ ಅದುಮಿದರೆ, ಹಿಡಿದಿಟ್ಟ ಗಾಳಿ ಹೋದಂತೆಯೇ. ತೀರ ದೊಗಳೆಯಾದರೆ ಕೆಳಗಿನಿಂದ ಗಾಳಿ ನುಗ್ಗುತ್ತದೆ.

ಉಳಿದದ್ದು ಜಿಪ್. ತಲೆಯ ಮೇಲಿಂದ ಎಳೆದು ಹಾಕುವ ಅರ್ಧ ಜಿಪ್ಪಿನದು ಅಗ್ಗ, ಹಗುರ. ಆದರೆ ದಿನಕ್ಕೆ ನಾಲ್ಕು ಸಲ ಹಾಕಿ ತೆಗೆಯುವವನಿಗೆ ಪೂರ್ತಿ ಜಿಪ್ಪೇ ಆಗಬೇಕು. ಗದ್ದದವರೆಗೆ ಏರಿಸಬಹುದಾದ ಕಾಲರ್, ಜಿಪ್ಪಿನ ಹಿಂದೆ ಗಾಳಿ ತಡೆಯುವ ಒಂದು ಪಟ್ಟಿ, ಜಿಪ್ ಇರುವ ಜೇಬು. ಇಷ್ಟು ನೋಡಿಕೊಂಡು ಕಡುನೀಲಿ ಬಣ್ಣದ್ದೊಂದನ್ನು ಆರಿಸಿದರು. ಮುಂಡಗೋಡಿನ ಅಕ್ಕ ಬೆಲೆಯಲ್ಲಿ ಹೇಳದೆಯೇ ಐವತ್ತು ಇಳಿಸಿದಳು.

*

ಆ ಕಡುನೀಲಿಯ ಹಿಂದೆ ವಟ್ವಾದಂಥ ಊರುಗಳ ಕೆಲಸವಿದೆ. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯದು. ಅದಕ್ಕೆ ಡಿಸ್ಪರ್ಸ್ ಡೈ ಎಂಬ ಬೇರೆಯೇ ಜಾತಿಯ ಬಣ್ಣ ಬೇಕು. ಮುಚ್ಚಿದ ಪಾತ್ರೆಯಲ್ಲಿ, ಒತ್ತಡದಲ್ಲಿ, ಸುಮಾರು 130 ಡಿಗ್ರಿ ಕಾಯಿಸಿದಾಗ ಮಾತ್ರ ಅದು ನಾರಿನೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಸೂರತ್, ಬಣ್ಣಕ್ಕೆ ಅಹಮದಾಬಾದ್, ವಾಪಿ, ಅಂಕಲೇಶ್ವರ: ಗುಜರಾತಿನ ಈ ಪಟ್ಟಿಯಿಂದ ದೇಶದ ಅರ್ಧಕ್ಕೂ ಹೆಚ್ಚು ಬಣ್ಣದ ರಾಸಾಯನಿಕ ಬರುತ್ತದೆ. ಅದರ ಬೆಲೆಯನ್ನು ಸುತ್ತಲಿನ ನೀರು ತೆತ್ತಿದೆ. ವಟ್ವಾ, ಓಢವ್, ನರೋಡಾ ಎಸ್ಟೇಟುಗಳ ಕೊಳೆನೀರು ಖಾರಿಕಟ್ ಕಾಲುವೆ ಸೇರಿ ರೈತರ ಹೊಲ ಕೆಟ್ಟ ಪ್ರಕರಣದಲ್ಲಿ 1995ರಲ್ಲಿ ಗುಜರಾತ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತ್ತು.

ಅಂದರೆ ಬಣ್ಣದ ಕಾರ್ಖಾನೆಯವನು ಬಣ್ಣದ ಜಾಕೆಟ್ ಹಾಕಿಕೊಂಡು ಕಾರ್ಖಾನೆಗೆ ಹೊರಟ. ಆದರೆ ಅದನ್ನು ಹಾಕಿಕೊಂಡು ಒಳಗೆ ಹೋಗುವಂತಿಲ್ಲ.

ಕಾರಣ, ದ್ರಾವಕಗಳು. ಟಾಲುಯಿನ್, ಮೆಥನಾಲ್ ಮುಂತಾದವನ್ನು ಬಳಸುವ ಜಾಗದಲ್ಲಿ ಗಾಳಿಯಲ್ಲಿ ಅವುಗಳ ಆವಿ ಇರಬಹುದು. ಟಾಲುಯಿನ್ ಆವಿ ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಅದಕ್ಕೆ ಬೆಂಕಿ ಹಚ್ಚಲು ಒಂದು ಮಿಲಿಜೌಲಿನ ಕಾಲು ಭಾಗದಷ್ಟು ಶಕ್ತಿಯ ಕಿಡಿ ಸಾಕು. ಒಣಹವೆಯ ಜನವರಿಯಲ್ಲಿ ಫ್ಲೀಸ್ ಕಳಚುವಾಗ ಚಟಚಟ ಸದ್ದು ಬರುವುದು, ಆಮೇಲೆ ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ಕೆನ್ನುವುದು ಎಲ್ಲರಿಗೂ ಗೊತ್ತಿರುವುದೇ. ಆ ಚುರುಕಿನಲ್ಲಿರುವ ಶಕ್ತಿ ಇದಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು. ಹತ್ತಿ ತೇವ ಹಿಡಿದಿರುವುದರಿಂದ ಚಾರ್ಜು ಹೇಗೋ ಹರಿದುಹೋಗುತ್ತದೆ. ನೀರು ಕುಡಿಯದ ಪಾಲಿಯೆಸ್ಟರಿನಲ್ಲಿ ಅದು ಕಟ್ಟಿಕೊಂಡು ಕೂರುತ್ತದೆ. ಬೆಟ್ಟದಲ್ಲಿ ಫ್ಲೀಸಿಗೆ ಹೆಸರು ತಂದ ಗುಣವೇ ಇಲ್ಲಿ ಅದರ ದೋಷ.

ಇನ್ನೊಂದು, ಪಾಲಿಯೆಸ್ಟರ್ ಸುಮಾರು 255-260 ಡಿಗ್ರಿಗೆ ಕರಗುತ್ತದೆ. ಹತ್ತಿಯೂ ಉರಿಯುತ್ತದೆ, ನಿಜ. ಆದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ. ಅಂಟಿದ ಪ್ಲಾಸ್ಟಿಕ್ ಸುಟ್ಟ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ಆದ್ದರಿಂದ ಇಂಥ ಜಾಗಗಳ ನಿಯಮ ಮೇಲಂಗಿಗೆ ಮಾತ್ರ ಸೀಮಿತವಲ್ಲ. ಬನಿಯನ್ನಿನಿಂದ ಹಿಡಿದು ಎಲ್ಲವೂ ಹತ್ತಿಯದಿರಬೇಕು. ಸಿಂಥೆಟಿಕ್ ಬಟ್ಟೆಯನ್ನು ಆ ಜಾಗದೊಳಗೆ ಬಂದು ಕಳಚುವುದೂ ತಪ್ಪು, ಕಳಚುವಾಗಲೇ ಕಿಡಿ ಹುಟ್ಟುವುದು. ಗೇಟಿನ ಬಳಿಯ ಲಾಕರ್ ಕೋಣೆಯಲ್ಲೇ ತೆಗೆದಿಡಬೇಕು. ಕೆಮಿಸ್ಟ್ ತನ್ನ ಕಡುನೀಲಿಯನ್ನು ಅಲ್ಲಿ ತೂಗುಹಾಕಿ, ಹತ್ತಿಯ ಬಾಯ್ಲರ್ ಸೂಟ್ ಹಾಕಿಕೊಂಡು ಒಳಗೆ ಹೋಗುತ್ತಿದ್ದ.

ಒಳಗೆ ಚಳಿ ಕಡಿಮೆ ಎಂದೇನಿಲ್ಲ. ಆವಿ ನಿಲ್ಲಬಾರದೆಂದು ದ್ರಾವಕದ ಕಟ್ಟಡಗಳಿಗೆ ಸಾಧ್ಯವಾದಷ್ಟು ಗೋಡೆ ಇಡುವುದಿಲ್ಲ. ಕಂಬ, ಮಹಡಿ, ರಿಯಾಕ್ಟರು, ನಡುವೆ ಬೀಸುವ ಗಾಳಿ. ರಾತ್ರಿ ಮೂರು ಗಂಟೆಗೆ ಎರಡನೇ ಮಹಡಿಯ ಕಬ್ಬಿಣದ ಕೈಪಿಡಿ ಮುಟ್ಟಿದರೆ ಬೆರಳು ಮರಗಟ್ಟುತ್ತದೆ.

ಅಂಥದೊಂದು ರಾತ್ರಿ, ಡ್ರಮ್ಮು ಉರುಳಿಸುವ ಹೆಲ್ಪರ್ ಹುಡುಗ ಬಾಯ್ಲರ್ ಸೂಟಿನ ಕೊರಳಿನ ಗುಂಡಿ ಬಿಗಿಯಾಗಿ ಹಾಕಿಕೊಂಡದ್ದು ಕೆಮಿಸ್ಟನ ಕಣ್ಣಿಗೆ ಬಿತ್ತು. ಗುಂಡಿಯ ಸಂದಿಯಿಂದ ಬೂದುಬಣ್ಣದ ಫ್ಲೀಸಿನ ಕಾಲರ್ ಇಣುಕಿತ್ತು. ದಾಹೋದ್ ಕಡೆಯಿಂದ ಕಾಂಟ್ರಾಕ್ಟಿನಲ್ಲಿ ಬಂದ ಹುಡುಗ. ಇಪ್ಪತ್ತು ತುಂಬಿತ್ತೋ ಇಲ್ಲವೋ. ಕೆಮಿಸ್ಟ್ ಅವನನ್ನು ಡ್ರಮ್ಮುಗಳಿಂದ ದೂರ, ಮೆಟ್ಟಿಲಿಳಿಸಿ, ಅಂಗಳ ದಾಟಿಸಿ ಲಾಕರ್ ಕೋಣೆಗೆ ಕರೆದೊಯ್ದು ಅದನ್ನು ತೆಗೆಯಲು ಹೇಳಿದ.

ಹುಡುಗ ತೆಗೆಯಲಿಲ್ಲ. ಹಿಂದಿ, ಗುಜರಾತಿ ಬೆರೆತ ಮಾತಿನಲ್ಲಿ ಹೇಳಿದ, "ಇದನ್ನು ತೆಗೆದರೆ ಒಳಗೆ ಏನೂ ಇಲ್ಲ, ಸಾಹೇಬ್."

ಅಕ್ಷರಶಃ ಇರಲಿಲ್ಲ. ಬರಿಮೈಯ ಮೇಲೆ ಫ್ಲೀಸ್, ಅದರ ಮೇಲೆ ಬಾಯ್ಲರ್ ಸೂಟು. ಹುಡುಗ ನಿಯಮ ತಿಳಿಯದವನಲ್ಲ. ನಿಯಮದ ಫಲಕ ಲಾಕರ್ ಕೋಣೆಯ ಗೋಡೆಯ ಮೇಲೆ, ಚಿತ್ರದ ಸಮೇತ, ಅವನ ತಲೆಯ ಹಿಂದೆಯೇ ಇತ್ತು. ಆದರೆ ಆ ಚಿತ್ರ ಏನು ಹಾಕಬಾರದು ಎಂಬುದನ್ನು ಮಾತ್ರ ಹೇಳುತ್ತಿತ್ತು. ಚಳಿಯಲ್ಲಿ ನಡುಗುವವನಿಗೆ ಹಾಕಬಾರದ್ದರ ಪಟ್ಟಿಯಿಂದ ಏನು ಉಪಯೋಗ? ಕಿಡಿ ಹುಟ್ಟುವುದು ಎಂದೋ ಒಂದು ದಿನ. ಚಳಿ ಈಗಲೇ ಇದೆ.

ಕೆಮಿಸ್ಟ್ ತನ್ನ ಲಾಕರಿನಲ್ಲಿದ್ದ ಬದಲಿ ಹತ್ತಿ ಅಂಗಿಯನ್ನು ಕೊಟ್ಟ. ಆ ಪಾಳಿ ಮುಗಿಯುವವರೆಗೆ ಹುಡುಗನನ್ನು ಬಾಯ್ಲರ್ ಕಡೆಯ ಕೆಲಸಕ್ಕೆ ಹಾಕಿದ. ಅಲ್ಲಿ ದ್ರಾವಕವಿಲ್ಲ, ಬಿಸಿಯಿದೆ.

*

ಪದರ ಎಂಬ ಮಾತು ಆಗ ನಿಜವಾಗಿ ಅರ್ಥವಾಗುತ್ತದೆ. ಒಂದರ ಮೇಲೊಂದು ಹಾಕಿದ್ದೆಲ್ಲ ಪದರವಲ್ಲ. ತೆಗೆದಾಗ ಕೆಳಗೆ ಇನ್ನೊಂದು ಉಳಿಯುವುದಿದ್ದರೆ ಮಾತ್ರ ಮೇಲಿನದು ಪದರ. ಇಲ್ಲದಿದ್ದರೆ ಅದು ಬಟ್ಟೆ, ಅಷ್ಟೇ. ಅದನ್ನು ತೆಗೆಯೆನ್ನುವುದು ಬತ್ತಲಾಗು ಎಂದಂತೆ. ಎರಡು ಅಂಗಿ, ಒಂದು ಥರ್ಮಲ್, ಒಂದು ಫ್ಲೀಸು, ಒಂದು ವಿಂಡ್‌ಚೀಟರ್ ಇರುವವನಿಗೆ ಗೇಟಿನಲ್ಲಿ ಕಳಚುವುದು ಸುಲಭ. ತಿಂಗಳಿಡೀ ಒಂದೇ ಜಾಕೆಟ್ ಇರುವವನಿಗೆ ಅದೇ ನಿಯಮ ಎಷ್ಟೋ ಪಟ್ಟು ದುಬಾರಿ.

ಹಾಗಾಗಿ ಕೊಳ್ಳುವ ಕ್ರಮವೇ ತಿರುವುಮುರುವಾಗಬೇಕು. ಎಲ್ಲರೂ ಮೊದಲು ಹೊರಗೆ ಕಾಣುವುದನ್ನು ಕೊಳ್ಳುತ್ತಾರೆ. ದಪ್ಪದ, ಚೆಂದದ ಜಾಕೆಟ್ ಆದ ಮೇಲೆ ಹಣ ಉಳಿದರೆ ಒಳಗಿನದು. ದ್ರಾವಕದ ನಡುವೆ ದುಡಿಯುವವನು ಮೊದಲು ಕೊಳ್ಳಬೇಕಾದದ್ದು ಪೂರ್ತಿ ತೋಳಿನ, ಮೈಗೆ ಹತ್ತಿ ಕೂರುವ ಹತ್ತಿಯ ಥರ್ಮಲ್. ಇಲ್ಲೂ ಚೀಟಿ ಓದಬೇಕು. ಥರ್ಮಲ್ ಎಂದು ಮಾರುವುದರಲ್ಲಿ ಪಾಲಿಯೆಸ್ಟರ್, ಅಕ್ರಿಲಿಕ್ ಬೆರೆತದ್ದು ಬಹಳ. ಅದರ ಮೇಲೆ ಇನ್ನೊಂದು ದಪ್ಪ ಹತ್ತಿಯಂಗಿ. ಎರಡು ಹತ್ತಿ ಬಟ್ಟೆಗಳ ನಡುವೆಯೂ ಗಾಳಿ ನಿಲ್ಲುತ್ತದೆ. ಫ್ಲೀಸಿನಷ್ಟಲ್ಲ, ಆದರೆ ನಡುಕ ನಿಲ್ಲುವಷ್ಟು. ಬೆವರಿ ಒದ್ದೆಯಾದರೆ ಹತ್ತಿ ತಣ್ಣಗೆ ಕೊರೆಯುತ್ತದೆ ಎಂಬುದೂ ನಿಜ. ಅದಕ್ಕೆ ಲಾಕರಿನಲ್ಲಿ ಬದಲಿ ಒಂದು ಇರಬೇಕು. ಉಣ್ಣೆಯ ಸ್ವೆಟರ್ ಆಗದೇ ಎಂದು ಕೇಳುವವರಿದ್ದಾರೆ. ಉಣ್ಣೆ ಕರಗುವುದಿಲ್ಲ, ಸುಲಭಕ್ಕೆ ಬೆಂಕಿಯೂ ಹತ್ತುವುದಿಲ್ಲ. ಆದರೆ ಒಣಹವೆಯಲ್ಲಿ ಅದೂ ಚಾರ್ಜು ಕಟ್ಟಿಕೊಳ್ಳುತ್ತದೆ. ಆವಿ ಇರುವ ಕಡೆ ಅದನ್ನೂ ಬಿಡುವುದೇ ಕ್ಷೇಮ.

ಇಷ್ಟಾದ ಮೇಲೆ ಫ್ಲೀಸು, ಮನೆಯಿಂದ ಗೇಟಿನವರೆಗೆ. ಅದರ ಮೇಲೆ ವಿಂಡ್‌ಚೀಟರ್, ಬೈಕಿನ ಮೇಲಷ್ಟೇ. ಬಸ್ಸಿನಲ್ಲಿ ಬರುವವನಿಗೆ ಕೊನೆಯದು ಬೇಡವೇ ಬೇಡ.

ಫ್ಲೀಸ್ ಹುಟ್ಟಿದ ಆ ಲಾರೆನ್ಸಿನ ಗಿರಣಿಗೂ ಬೆಂಕಿ ಬಿದ್ದಿತ್ತು. 1995ರ ಡಿಸೆಂಬರ್ 11ರ ರಾತ್ರಿ ಮಾಲ್ಡನ್ ಮಿಲ್ಸಿನಲ್ಲಿ ಸ್ಫೋಟವಾಗಿ ಕಟ್ಟಡಗಳು ಸುಟ್ಟುಹೋದವು, ಹಲವು ಕೆಲಸಗಾರರು ಗಾಯಗೊಂಡರು. ಮಾಲೀಕ ಆ್ಯರನ್ ಫ್ಯೂಯರ್‌ಸ್ಟೈನ್ ವಿಮೆಯ ಹಣ ತೆಗೆದುಕೊಂಡು ಬೇರೆ ಕಡೆ ಹೋಗಬಹುದಿತ್ತು. ಹೋಗಲಿಲ್ಲ. ಅಲ್ಲೇ ಮತ್ತೆ ಕಟ್ಟಿದರು. ಕೆಲಸವಿಲ್ಲದೆ ಕುಳಿತ ಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟರು. ಸಾಲ ಏರಿ 2001ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಬೇಕಾಯಿತು. ಅವರು 2021ರಲ್ಲಿ ತೀರಿಕೊಂಡಾಗ ಲೋಕ ನೆನಪಿಸಿಕೊಂಡದ್ದು ಬಟ್ಟೆಗಿಂತ ಹೆಚ್ಚಾಗಿ ಆ ಸಂಬಳವನ್ನು. ಬೆಚ್ಚಗಿನ ಬಟ್ಟೆಯ ಚರಿತ್ರೆಯಲ್ಲಿ ಅದನ್ನು ಮಾಡುವವರ ಮೈ ಬೆಚ್ಚಗಿರಬೇಕೆಂದು ಯೋಚಿಸಿದ ಅಧ್ಯಾಯವೂ ಇದೆ.

ಕೊಂಡ ಮೇಲಿನ ಮಾತು ಸ್ವಲ್ಪ ಉಳಿಯಿತು. ಫ್ಲೀಸನ್ನು ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಬೇಕು, ಇಸ್ತ್ರಿ ಕೂಡದು. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವ ರೋಮಕ್ಕೆ ಮೆತ್ತಿಕೊಂಡು ಅದನ್ನು ಚಪ್ಪಟೆ ಮಾಡುತ್ತದೆ. ಪ್ರತಿ ಒಗೆತದಲ್ಲೂ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉದುರಿ ನೀರು ಸೇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಿಂಥೆಟಿಕ್ ಜಾಕೆಟಿನಿಂದ ಒಂದು ಒಗೆತಕ್ಕೆ ಸರಾಸರಿ 1.7 ಗ್ರಾಂ ನಾರು ಉದುರಿತ್ತು. ಮೇಲಿನಿಂದ ಬಟ್ಟೆ ತುಂಬುವ ಮಷೀನಿನಲ್ಲಿ ಮುಂದಿನಿಂದ ತುಂಬುವುದಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚು. ಒಳಗೆ ಹತ್ತಿಯ ಪದರ ಇದ್ದರೆ ಬೆವರು ಫ್ಲೀಸಿಗೆ ಅಷ್ಟಾಗಿ ತಾಗದು, ವಾರವಾರ ಒಗೆಯುವ ಅಗತ್ಯವೂ ಬೀಳದು. ಒಗೆಯಬೇಕಾದದ್ದು ಒಳಗಿನ ಅಂಗಿ.

ಜನವರಿಯ ಸುರಕ್ಷತಾ ಸಭೆಯಲ್ಲಿ ಆ ಕೆಮಿಸ್ಟ್ ಎತ್ತಿದ್ದು ಒಂದೇ ವಿಷಯ: ಚಳಿಗಾಲದಲ್ಲಿ ರಾತ್ರಿ ಪಾಳಿಯವರಿಗೆ, ಕಾಂಟ್ರಾಕ್ಟಿನವರನ್ನೂ ಸೇರಿಸಿ, ಬಾಯ್ಲರ್ ಸೂಟಿನ ಜೊತೆ ಎರಡೆರಡು ಹತ್ತಿಯ ಥರ್ಮಲ್ ಕೊಡಬೇಕು. ಖರ್ಚಿನ ಲೆಕ್ಕ ಕೇಳಿದರು. ಬರೆದುಕೊಟ್ಟ. ಮೊದಲ ಕಂತಿಗೆ ರಾತ್ರಿ ಪಾಳಿಯ ಹೆಲ್ಪರುಗಳಿಗಷ್ಟೇ ಒಪ್ಪಿಗೆ ಸಿಕ್ಕಿತು. ಉಳಿದವರದು ಮುಂದಿನ ಬಜೆಟ್ಟಿಗೆ ಹೋಯಿತು. ಲಾಕರ್ ಕೋಣೆಯ ಗೋಡೆಯ ಮೇಲೆ, ಹಾಕಬಾರದ್ದರ ಚಿತ್ರದ ಪಕ್ಕ, ಹಾಕಬಹುದಾದದ್ದರ ಚಿತ್ರವೊಂದು ಬಂತು. ದಾಹೋದಿನ ಹುಡುಗ ಈಗ ಬೂದುಬಣ್ಣದ ಫ್ಲೀಸನ್ನು ಬಸ್‌ಸ್ಟಾಪಿನಿಂದ ಗೇಟಿನವರೆಗೆ ಹಾಕಿಕೊಂಡು ಬರುತ್ತಾನೆ. ಕೋಣೆಯೊಳಗೆ ಬಂದು ಜಿಪ್ ಎಳೆಯುತ್ತಾನೆ, ಚಟಚಟ ಸದ್ದಾಗುತ್ತದೆ, ಮೊಳೆಗೆ ತೂಗುಹಾಕುತ್ತಾನೆ.